ಧೂಳು ಹೊಲಕ್ಕೆ ಹೋದ ದಿನ

ಕಾರಿಗೆ ಹೊಳಪು ಕೊಡುವುದು ದೊಡ್ಡ ವಿದ್ಯೆಯಲ್ಲ. ಯಂತ್ರವಿದೆ, ಪಾಲಿಶ್ ಇದೆ, ರಟ್ಟೆಯಲ್ಲಿ ಕಸುವಿದ್ದರೆ ಯಾರಾದರೂ ಕೊಟ್ಟಾರು. ಆ ಹೊತ್ತಿನಲ್ಲಿ ಅದರ ಮೇಲೆ ಧೂಳು ಬೀಳದಂತೆ ನೋಡಿಕೊಳ್ಳುವುದು ವಿದ್ಯೆ. ಅದರಲ್ಲೂ ಶಹಾಪುರದಲ್ಲಿ, ಅದರಲ್ಲೂ ಹತ್ತಿ ಬಿಡಿಸಿ ತೊಗರಿ ರಾಶಿ ಮಾಡುವ ಕಾಲದಲ್ಲಿ, ಅದರಲ್ಲೂ ಮನೆಯ ಗೋಡೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ. ಆ ವಿದ್ಯೆ ನನಗೆ ಬರುತ್ತದೆ. ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ನಾಚಿಕೊಂಡು ಕೂತವರ ಕಾರಿನ ಮೇಲೆ ಧೂಳು ಕೂರುತ್ತದೆ, ಅಷ್ಟೇ.

ನಾನು ವನದುರ್ಗದ ಮಗಳು, ಶಹಾಪುರದ ಸೊಸೆ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಹೈದರಾಬಾದಿನ ಒಂದು ಕಾರು ಪಾಲಿಶ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರಿಗೆ ಊಟದ ಡಬ್ಬಿ ಒಯ್ಯುತ್ತಿದ್ದ ನಾನು, ಅವರು ಉಣ್ಣುವಷ್ಟು ಹೊತ್ತು ಸುಮ್ಮನೆ ನಿಂತು ನೋಡುತ್ತಿದ್ದೆ. ಆಮೇಲೆ ಬಟ್ಟೆ ಹಿಡಿದೆ, ಆಮೇಲೆ ಕಾರು ತೊಳೆದೆ, ಕೊನೆಗೆ ಲೇಪ ಹಚ್ಚುವುದನ್ನೂ ಕಲಿತೆ. ಯಂತ್ರ ತಿರುಗಿಸುವುದರಲ್ಲಿ ಅವರು ಮೇಲು, ಲೇಪ ಹಚ್ಚುವುದರಲ್ಲಿ ನಾನು ಮೇಲು. ಇದನ್ನು ಅವರೂ ಒಪ್ಪುತ್ತಾರೆ, ಒಪ್ಪದೆ ಎಲ್ಲಿಗೆ ಹೋದಾರು. ಮುಂದೆ ಮಾವನವರು ಹೊಲದ ಕೆಲಸ ತಮ್ಮೊಬ್ಬರಿಂದ ಆಗದೆಂದು ಊರಿಗೆ ಕರೆಸಿಕೊಂಡಾಗ, ನಾವು ಪಾತ್ರೆ ಪಗಡೆಯ ಜೊತೆ ಪಾಲಿಶ್ ಯಂತ್ರವನ್ನೂ ಹೊತ್ತು ತಂದೆವು. ಗಂಡ ಅರ್ಧ ದಿನ ಹೊಲದಲ್ಲಿ, ಅರ್ಧ ದಿನ ಶೆಡ್ಡಿನಲ್ಲಿ. ನಾನು ಒಲೆಯ ಮುಂದಿಂದ ಎದ್ದ ಮೇಲೆ ಪೂರಾ ಶೆಡ್ಡಿನಲ್ಲಿ.

ಲೇಪ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳಬೇಕು. ಅತ್ತರಿನ ಶೀಸೆಯಷ್ಟು ಸಣ್ಣ ಶೀಸೆಯಲ್ಲಿ ಬರುವ ನೀರಿನಂಥ ಪದಾರ್ಥ ಅದು. ಸಿರಾಮಿಕ್ ಎನ್ನುತ್ತಾರೆ. ತೊಳೆದು, ಉಜ್ಜಿ, ಪಾಲಿಶ್ ಮಾಡಿದ ಕಾರಿನ ಮೈಗೆ ಅದನ್ನು ತುಸು ತುಸುವೇ ಹಚ್ಚಿ, ಎಣ್ಣೆಯಂತೆ ಬಣ್ಣ ಬಣ್ಣವಾಗಿ ಮಿಂಚಿದ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಒಣಗಿದರೆ ಗಾಜಿನಂತೆ ಗಟ್ಟಿ. ಒಣಗುವ ಮುಂಚೆ ಏನು ಬಿತ್ತೋ ಅದು ಒಳಗೇ ಉಳಿಯಿತು. ಮೊಸರಿಗೆ ಬಿದ್ದ ಕೂದಲನ್ನು ತೆಗೆದೆಸೆದು ಉಣ್ಣಬಹುದು, ಇದನ್ನು ಹಾಗೆ ತೆಗೆಯಲಾಗದು. ಮತ್ತೆ ಯಂತ್ರ ಹಿಡಿದು ಕೆರೆದು, ಮೊದಲಿಂದ ಶುರು ಮಾಡಬೇಕು.

ಹೈದರಾಬಾದಿನ ಅಂಗಡಿಯಲ್ಲಿ ಇದಕ್ಕೆಂದೇ ಗಾಜಿನ ಕೋಣೆಯಿತ್ತು, ಗಾಳಿ ಹೀರುವ ಯಂತ್ರವಿತ್ತು. ನಮ್ಮ ಶೆಡ್ಡು ಮಾವನವರು ಹತ್ತಿ ತುಂಬಲು ಕಟ್ಟಿಸಿದ್ದು. ಮೇಲೆ ತಗಡು, ಕೆಳಗೆ ಶಹಾಬಾದ ಕಲ್ಲು, ಹಿಂದೆ ಹತ್ತಿಯ ಬೀಜ ಬಿಡಿಸುವ ಜಿನ್ನು, ಮುಂದೆ ಸುರಪುರದ ರಸ್ತೆ, ಪಕ್ಕದಲ್ಲಿ ಒಬ್ಬರ ಕಣ. ಧೂಳು ಯಾವ ದಿಕ್ಕಿನಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ನಗು ಬರುತ್ತದೆ. ಬಾರದ ದಿಕ್ಕು ಯಾವುದೆಂದು ಕೇಳಿ, ಯೋಚಿಸಿ ಹೇಳುತ್ತೇನೆ.

ಧೂಳನ್ನು ಮುಟ್ಟಿದರೆ ಅದರ ಊರು ನನ್ನ ಬೆರಳಿಗೆ ಗೊತ್ತಾಗುತ್ತದೆ. ಕಪ್ಪು ಎರೆಮಣ್ಣಿನದು ಜೋಳದ ಹಿಟ್ಟಿನಂತೆ ನುಣುಪು, ಒರೆಸಿದರೆ ಮೆತ್ತಿಕೊಳ್ಳುತ್ತದೆ. ಸುರಪುರದ ಗುಡ್ಡದ ಕಡೆಯದು ಗರಸು, ಬೆರಳಿಗೆ ಚುಚ್ಚುತ್ತದೆ. ಹುಣಸಗಿಯಿಂದ ಬಂದ ಕಾರಿನ ಸಂದಿಯಲ್ಲಿ ಭತ್ತದ ಹೊಟ್ಟಿನ ಸುಂಕು. ಮೈಲಾಪುರದ ಗುಡ್ಡಕ್ಕೆ ಹೋಗಿ ಬಂದ ಕಾರಾದರೆ ಎ.ಸಿ. ಕಿಂಡಿಯೊಳಗೆಲ್ಲ ದೇವರ ಭಂಡಾರದ ಅರಿಶಿನ, ಅದನ್ನು ನಾನು ತೆಗೆಯುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬ್ರಷ್ ಹಿಡಿದು ಕೂತು ತೆಗೆಯುತ್ತೇನೆ.

ಇನ್ನು ನಮ್ಮ ಜನರ ಪ್ರೀತಿಯ ಕಥೆ ಬೇರೆ. ಕಾರು ಕೊಂಡವರು ದಿನಾ ಬೆಳಿಗ್ಗೆ ಎದ್ದು, ಹೆಗಲ ಮೇಲಿನ ಟವಲ್ಲಿನಿಂದ ಅದರ ಮೈಯ ಧೂಳನ್ನು ಗಸಗಸ ಒರೆಸುತ್ತಾರೆ. ಒಣ ಧೂಳು, ಒಣ ಬಟ್ಟೆ. ಮಕ್ಕಳ ಮುಖ ಒರೆಸಿದಷ್ಟು ಅಕ್ಕರೆ, ಆದರೆ ಪರಿಣಾಮ ಮಾತ್ರ ಉಪ್ಪುಕಾಗದ ಉಜ್ಜಿದ ಹಾಗೆ. ಬಿಸಿಲಿಗೆ ಹಿಡಿದರೆ ಜೇಡರ ಬಲೆಯಂಥ ಗೆರೆಗಳು. ನಾನು ಬೈಯುತ್ತೇನೆ. "ಧೂಳಿರಲಿ ಬಿಡ್ರಿ, ಅದೇನೂ ಮಾಡಂಗಿಲ್ಲ. ನಿಮ್ಮ ಟವಲ್ಲೇ ವೈರಿ" ಎನ್ನುತ್ತೇನೆ. ಬೈಸಿಕೊಂಡವರು ಮತ್ತೆ ನನ್ನ ಹತ್ತಿರವೇ ಬರುತ್ತಾರೆ.

ಶೆಡ್ಡನ್ನು ನಾನು ಹದಕ್ಕೆ ತಂದ ರೀತಿ ಹೀಗೆ. ತಗಡು ಗಾಳಿಗೆ ಅಲುಗಿದಾಗಲೆಲ್ಲ ಮೇಲಿಂದ ಉದುರುತ್ತಿತ್ತು, ಅದಕ್ಕೆ ಒಳಗಿನಿಂದ ಪ್ಲಾಸ್ಟಿಕ್ ತಾಡಪತ್ರಿ ಬಿಗಿದು ಕಟ್ಟಿಸಿದೆ. ಕಲ್ಲಿನ ಸಂದಿಗಳಿಗೆ ಸಿಮೆಂಟು ತುಂಬಿಸಿದೆ. ಒಳಗೆ ಚೀಲ, ಗೂಟ, ಹಲಗೆ, ಕ್ಯಾಲೆಂಡರು ಏನೂ ಇಲ್ಲ. ಧೂಳಿಗೆ ಕೂರಲು ಜಾಗವಿಲ್ಲದಿದ್ದರೆ ಅದು ಬಂದು ಮಾಡುವುದಾದರೂ ಏನು? ಮುಖ್ಯವಾಗಿ ಕಸಬರಿಗೆಗೆ ಒಳಗೆ ಪ್ರವೇಶವಿಲ್ಲ. ಕಸಬರಿಗೆ ಕಸ ತೆಗೆಯುತ್ತದೆ, ಧೂಳನ್ನು ಎಬ್ಬಿಸಿ ಕೂರಿಸುತ್ತದೆ. ಒದ್ದೆ ಬಟ್ಟೆಯಿಂದ ಗೋಡೆ, ಆಮೇಲೆ ನೆಲ. ಆಮೇಲೆ ಬಾಗಿಲು ಹಾಕಿಕೊಂಡು, ಫ್ಯಾನಿಲ್ಲದೆ, ಅಲುಗಾಡದೆ ಸುಮ್ಮನೆ ಕೂರಬೇಕು. ಗಾಳಿಯಲ್ಲಿ ತೇಲುವುದೆಲ್ಲ ಕೆಳಗಿಳಿಯುವ ತನಕ ಕೂರಬೇಕು. ಇಡೀ ಕೆಲಸದಲ್ಲಿ ನನಗೆ ಕಷ್ಟವಾದದ್ದು ಇದೊಂದೇ, ಏಕೆಂದರೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ನೋಡಿದವರಿಗೋ ನಾನು ಕೆಲಸ ಕದ್ದು ಕೂತ ಹಾಗೆ ಕಾಣುತ್ತಿತ್ತು.

"ಏನಿದು, ಹಾಡ್ಹಗಲಿ ಬಾಗಿಲಾ ಹಾಕ್ಕೊಂಡು ಗೋಡಿ ನೋಡಾಕತ್ತಾಳ?" ಎಂದು ಅತ್ತೆ ಗಂಡನನ್ನು ಕೇಳುತ್ತಿದ್ದರು.

"ಧೂಳ್ ಕುಂದರಲಿ ಅಂತ ಕಾಯಾಕತ್ತಾಳ" ಎಂದು ಅವರು ಹೇಳಿದರೆ, "ನಮ್ಮ ಕಾಲದಾಗ ಧೂಳ್ ಕಾಯವರು ಇರಲಿಲ್ಲಪ್ಪ, ದನಾ ಕಾಯತಿದ್ವಿ" ಎಂಬ ಉತ್ತರ.

ಬಳೆಯದೂ ಒಂದು ರಾಮಾಯಣ. ಗಾಜಿನ ಬಳೆ ಕಾರಿನ ಮೈಗೆ ತಾಗಿದರೆ ಗೀರು ಬೀಳುತ್ತದೆ. ಬಳೆ ತೆಗೆದಿಡುತ್ತೇನೆಂದರೆ ಅತ್ತೆ ಎದೆ ಬಡಿದುಕೊಂಡರು. ಕೊನೆಗೆ ನಾನು ಗಂಡನ ಹಳೆಯ ಸಾಕ್ಸಿನ ಮುಂದಿನ ತುದಿ ಕತ್ತರಿಸಿ, ಮೊಣಕೈವರೆಗೆ ಏರಿಸಿ ಬಳೆಗಳನ್ನು ಅದರೊಳಗೆ ಮುಚ್ಚಿದೆ. ತಾಳಿ ಬೆನ್ನಿಗೆ, ತಲೆಗೆ ಬಿಗಿಯಾಗಿ ಬಟ್ಟೆ. ನೂಲಿನ ಸೀರೆ ಎಳೆ ಬಿಡುತ್ತದೆಂದು ಮೈಮೇಲೆ ಹಳೆಯ ನೈಲಾನ್ ಸೀರೆ. ಆ ವೇಷದಲ್ಲಿ ನಾನು ಹೇಗೆ ಕಾಣುತ್ತಿದ್ದೆನೋ ಗೊತ್ತಿಲ್ಲ. ಕಾರು ಚೆನ್ನಾಗಿ ಕಾಣುತ್ತಿತ್ತು.

ಎಲ್ಲವನ್ನೂ ಗೆದ್ದೆ, ಹತ್ತಿಯ ಮುಂದೆ ಮಾತ್ರ ಸೋತೆ. ಮೊದಲ ವರ್ಷ ಸುಗ್ಗಿಯಲ್ಲಿ ಮಾವನವರು ಅರ್ಧ ಶೆಡ್ಡಿಗೆ ಹತ್ತಿ ತುಂಬಿದರು. ಉಳಿದರ್ಧದಲ್ಲಿ ನೀವು ಮಾಡಿಕೊಳ್ಳಿ ಎಂದರು. ನಡುವೆ ಪರದೆ ಕಟ್ಟಿ ಒಂದು ಬೂದು ಬಣ್ಣದ ಕಾರಿಗೆ ಲೇಪ ಹಚ್ಚಿದೆ. ಬ್ಯಾಟರಿ ಹಿಡಿದು ನೋಡಿದರೆ ಬಾನೆಟ್ಟಿನ ಮೇಲೆಲ್ಲ ಹತ್ತಿಯ ಎಳೆ, ಮುದುಕರ ಗದ್ದದ ಕೂಳೆಯ ಹಾಗೆ. ಅದನ್ನು ಕೆರೆದು ಮತ್ತೆ ಮಾಡಲು ಕಾರನ್ನು ಹತ್ತಿ ಮಾರುವ ತನಕ ಕಾಯಿಸಬೇಕಾಯಿತು. ಮರುವರ್ಷ ಇಡೀ ಶೆಡ್ಡೇ ಹತ್ತಿಗೆ ಹೋಯಿತು. ದರ ಏರಲಿ ಎಂದು ಮಾವನವರು ಕಾದರು, ಅದು ಏರುವಷ್ಟರಲ್ಲಿ ನಮ್ಮ ಗಿರಾಕಿಗಳು ಕಲಬುರಗಿಯ ದಾರಿ ಹಿಡಿದಿದ್ದರು. ಅವರನ್ನು ಒಬ್ಬೊಬ್ಬರನ್ನಾಗಿ ಮರಳಿ ಕರೆತರಲು ಮಳೆಗಾಲ ಮುಗಿಯಿತು. ಇನ್ನೊಂದು ಸುಗ್ಗಿ ಹೀಗೇ ಹೋದರೆ ಅಂಗಡಿ ಮುಚ್ಚಿದಂತೆಯೇ ಎಂದು ನನಗೂ ಗಂಡನಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದವಳು ನಾನು.

"ಈ ಸಲ ಹತ್ತಿ ಶೆಡ್ಡಿಗೆ ಬ್ಯಾಡ್ರಿ ಮಾವಾರ."

ಮಾವನವರು ಪಡಸಾಲೆಯಲ್ಲಿ ತಮ್ಮ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ಅವರು ಕೆಟ್ಟವರಲ್ಲ, ಆದರೆ ಅವರ ಮಾತು ಬಾರುಕೋಲಿನ ಹಾಗೆ ನೆಟ್ಟಗೆ. "ಹತ್ತಿ ಅಂದ್ರ ನಮ್ಮ ರೊಟ್ಟಿ ಅದ. ಕಾರ್ ಅಂದ್ರ ಮಂದೀದು ಶೋಕಿ. ಮಂದಿ ಶೋಕಿ ಒಳಗ, ನಮ್ಮ ರೊಟ್ಟಿ ಹೊರಗ. ಇದ್ಯಾವ ಊರ ನ್ಯಾಯವ್ವಾ?"

"ನಮಗ ಆ ಕಾರೇ ರೊಟ್ಟಿ ಕೊಡತದ್ರಿ."

"ಈ ಸುಗ್ಗ್ಯಾಗ, ಈ ಧೂಳಿನಾಗ? ಮೊದಲನೇ ವರ್ಷ ಏನಾತು ನೋಡಿದ್ದೀನಲ್ಲ."

"ಅದು ನಿಮ್ಮ ಹತ್ತಿ ಮಾಡಿದ್ದರಿ. ಶೆಡ್ ಪೂರಾ ಕೊಡ್ರಿ, ಒಂದು ಧೂಳ್ ಕಾಣದಂಗ ಮಾಡಿ ತೋರಸ್ತೀನಿ."

ಆಗ ಶೆಡ್ಡಿನಲ್ಲಿ ಸುರಪುರದ ಒಬ್ಬ ಟೀಚರ ಕಪ್ಪು ಕಾರು ನಿಂತಿತ್ತು. ಕಪ್ಪು ಕಾರೆಂದರೆ ನಮ್ಮ ಕಸುಬಿನವರ ಪರೀಕ್ಷೆ. ಬಿಳಿಯದರ ಮೇಲೆ ಮುಚ್ಚಿ ಹೋಗುವುದೆಲ್ಲ ಕಪ್ಪಿನ ಮೇಲೆ ಎದ್ದು ಕಾಣುತ್ತದೆ. ಮಾವನವರಿಗೂ ಅಷ್ಟು ಗೊತ್ತಿತ್ತು. ಕೋಲಿನಿಂದ ಶೆಡ್ಡಿನ ಕಡೆ ತೋರಿಸಿ ಹೇಳಿದರು: "ಹತ್ತಿ ಎಳ್ಳಮಾಸಿ ಮರುದಿನ ಹೊಲದಿಂದ ಬರತದ. ಅಷ್ಟರಾಗ ಆ ಕರೀ ಕಾರ್ ಮುಗಸು. ನಾನೇ ನೋಡತೀನಿ. ಒಂದು ಧೂಳ್ ಕಂಡ್ರ ಶೆಡ್ ಹತ್ತಿಗಿ. ಕಾಣಲಿಲ್ಲಂದ್ರ ನಾ ಮತ್ತ ಬಾಯಿ ತೆಗ್ಯಂಗಿಲ್ಲ."

"ಆತ್ರಿ" ಎಂದೆ. ಒಳಗೆ ಬಂದ ಮೇಲೆ ಗಂಡ ತಲೆ ಮೇಲೆ ಕೈ ಹೊತ್ತು ಕೂತರು. ಪಕ್ಕದ ಕಣದಲ್ಲಿ ತೊಗರಿ ರಾಶಿ ಮಾಡುವ ಯಂತ್ರ ಆಗಲೇ ಬಂದು ನಿಂತಿತ್ತು.

ನಾನು ಆತ್ರಿ ಎಂದದ್ದು ಬರೀ ಜಿದ್ದಿಗಲ್ಲ. ನನ್ನ ಹತ್ತಿರ ಒಂದು ಕಪ್ಪು ಬಣ್ಣ ಬಳಿದ ತಗಡಿನ ತುಂಡು ಇತ್ತು. ಅದನ್ನು ಒರೆಸಿ ಅಂಗಳದಲ್ಲಿ, ಶೆಡ್ಡಿನಲ್ಲಿ ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ಬ್ಯಾಟರಿ ಹಿಡಿದು ನೋಡುವುದು ನನ್ನ ರೂಢಿ. ಯಾವ ಹೊತ್ತಿನಲ್ಲಿ ಧೂಳು ಎಷ್ಟು ಬೀಳುತ್ತದೆ ಎಂದು ಅದೇ ಹೇಳುತ್ತದೆ. ದನ ಹೊರಡುವ ಹೊತ್ತು ಕೆಟ್ಟದ್ದು, ಜಿನ್ನು ಶುರುವಾದ ಮೇಲೆ ಇನ್ನೂ ಕೆಟ್ಟದ್ದು, ದನ ಮರಳುವ ಹೊತ್ತು ಕೇಳುವುದೇ ಬೇಡ. ಶೆಡ್ಡು ಹತ್ತಿಯ ಪಾಲಾಗಿದ್ದ ವರ್ಷವೂ ನಾನು ತಗಡು ಇಡುವುದನ್ನು ಬಿಟ್ಟಿರಲಿಲ್ಲ. ಆ ವರ್ಷ ಎಳ್ಳ ಅಮಾವಾಸ್ಯೆಯ ದಿನ ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ಚರಗದ ಎಡೆ ಚೆಲ್ಲಿ, ಉಂಡು ಸಂಜೆ ಮನೆಗೆ ಬಂದಾಗ, ಬೆಳಿಗ್ಗೆ ಅಂಗಳದಲ್ಲಿ ಮರೆತು ಹೋಗಿದ್ದ ತಗಡು ಒರೆಸಿಟ್ಟ ಹಾಗೇ ಇತ್ತು. ನನಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಹೊಳೆಯಿತು. ಅವತ್ತು ನಮ್ಮ ಕಡೆ ಯಾರು ತಾನೇ ಮನೆಯಲ್ಲಿರುತ್ತಾರೆ? ರಾಶಿ ಯಂತ್ರವಿಲ್ಲ, ಜಿನ್ನಿಲ್ಲ, ಟ್ರ್ಯಾಕ್ಟರುಗಳು ಬೆಳಿಗ್ಗೆಯೇ ಜನರನ್ನು ಹೇರಿಕೊಂಡು ಹೋಗಿಬಿಟ್ಟಿರುತ್ತವೆ. ಊರಿಗೆ ಊರೇ ಹೊಲದಲ್ಲಿ. ಧೂಳನ್ನು ಎಬ್ಬಿಸುವವರು ನಾವೇ ಅಲ್ಲವೇ? ನಾವು ಹೋದರೆ ಅದು ತಾನಾಗಿ ಕೂರುತ್ತದೆ.

ಆ ದಿನ ಲೇಪ ಹಚ್ಚುವುದೆಂದು ತೀರ್ಮಾನಿಸಿದೆ. ಹಾಗೆಂದರೆ ನಾನು ಹೊಲಕ್ಕೆ ಹೋಗುವಂತಿಲ್ಲ. ಮನೆಯ ಸೊಸೆ ಎಳ್ಳಮಾಸಿಗೆ ಹೊಲಕ್ಕೆ ಹೋಗದಿರುವುದು ಸಣ್ಣ ಮಾತಲ್ಲ. ಚರಗದ ಬುಟ್ಟಿ ಹೊರುವವಳು ಅವಳು, ಬೆಳೆಯ ನಡುವೆ ಐದು ಕಲ್ಲಿಟ್ಟು ಪೂಜೆ ಮಾಡುವಾಗ ಪಕ್ಕದಲ್ಲಿ ನಿಲ್ಲುವವಳು ಅವಳು. ಹಿಂದಿನ ದಿನವೆಲ್ಲ ಗಂಡ ಯಂತ್ರ ಹಿಡಿದು ಕಾರಿನ ಗೆರೆಗಳನ್ನೆಲ್ಲ ತೆಗೆದರು. ನಾನು ಅತ್ತೆಯ ಜೊತೆ ಸಜ್ಜೆ ರೊಟ್ಟಿ ಬಡಿದು, ಕಡುಬು ಕಟ್ಟಿ, ಭಜ್ಜಿಪಲ್ಯಕ್ಕೆ ತರಕಾರಿ ಹೆಚ್ಚಿ ಕೊಟ್ಟು, ಮೆಲ್ಲಗೆ ವಿಷಯ ಎತ್ತಿದೆ. ಅತ್ತೆ ಹಿಟ್ಟಿನ ಕೈಯಲ್ಲೇ ಹೋಗಿ ಮಾವನವರನ್ನು ಕರೆತಂದರು.

"ಭೂಮಿತಾಯಿಗಿಂತ ಆ ಕಾರ್ ದೊಡ್ಡದಾತೇನವ್ವಾ?" ಎಂದು ಮಾವನವರು ಕೇಳಿದರು.

"ಭೂಮಿತಾಯಿ ವರ್ಷಪೂರ್ತಿ ನನ್ನ ಶೆಡ್ಡಿಗಿ ಬಂದು ಕುಂದರತಾಳ್ರಿ ಮಾವಾರ. ನಾಳಿ ಒಂದಿನ ನೀವೆಲ್ಲ ಆಕಿ ಮನಿಗಿ ಹೋಗಿ ಉಂಡು ಬರ್ರಿ. ಆಕೀಗೂ ಬ್ಯಾಸರಾಗ್ಯದ."

ಗಂಡ ನಗು ತಡೆಯಲಾರದೆ ಹಿತ್ತಲಿಗೆ ಹೋದರು. ಮಾವನವರು ಕೋಲು ಎತ್ತಿಕೊಂಡು ಪಡಸಾಲೆಗೆ ಮರಳಿದರು. ಬುಟ್ಟಿ ಅತ್ತೆ ಹೊರುವುದೆಂದಾಯಿತು.

ಬೆಳಿಗ್ಗೆ ಇನ್ನೊಂದು ಗಂಡಾಂತರ. ಕಾರನ್ನು ಕೊನೆಯ ಸಲ ತೊಳೆದು, ಒರೆಸಿ, ಜಿಡ್ಡೆಲ್ಲ ತೆಗೆದು, ಸೀರೆ ಬದಲಿಸಲು ಒಳಗೆ ಹೋಗಿ ಬರುವಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಅತ್ತೆ! ಒಂದು ಕೈಯಲ್ಲಿ ಹೊಗೆಯಾಡುವ ಲೋಬಾನದ ಬಟ್ಟಲು, ಇನ್ನೊಂದರಲ್ಲಿ ಕುಂಕುಮ ವಿಭೂತಿ. ಅಮಾವಾಸ್ಯೆಯ ದಿನ ಮನೆಯಲ್ಲಿ ನಿಂತ ಗಾಡಿಗೆ ಪೂಜೆ ಮಾಡದೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಗಂಡನ ಬೈಕು, ಟ್ರ್ಯಾಕ್ಟರು, ಪಕ್ಕದವರ ಸೈಕಲ್ಲು ಎಲ್ಲಕ್ಕೂ ಬೊಟ್ಟಿಟ್ಟು ಬಂದಿದ್ದರು.

"ಅತ್ತೀ, ಒಳಗ ಕಾಲಿಡಬ್ಯಾಡ್ರಿ! ಬೂದಿ ಹಾರತದ!"

"ಮಂದಿ ಕಾರಾದ್ರೂ ನಮ್ಮ ಮನ್ಯಾಗ ನಿಂತದ. ಅಮಾಸಿ ದಿನ ಬೋಳ ನಿಂದ್ರಸ್ತಾರೇನ? ನಾಳಿ ಏನಾರ ಆದ್ರ ಯಾರ ಮ್ಯಾಲ ಬರತದ?"

"ನನ್ನ ಮ್ಯಾಲ ಬರಲ್ರಿ!"

"ನಿನ್ನ ಮ್ಯಾಲ ಬರಬಾರದಂತನೇ ಬಂದೀನಿ" ಎಂದರು ಅತ್ತೆ. ಇಬ್ಬರೂ ಬಾಗಿಲಲ್ಲಿ ನಿಂತೆವು, ನಡುವೆ ಹೊಗೆ. ಕೊನೆಗೆ ಗಂಡ ಬಂದು, ಕಾರಿನ ಕೀಲಿಕೈಯನ್ನು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿದರೆ ಕಾರಿಗೆ ಮಾಡಿದಂತೆಯೇ ಎಂದು ಫೈಸಲು ಕೊಟ್ಟರು. ಅತ್ತೆ ಆ ಪುಟ್ಟ ಕೀಲಿಕೈಗೆ ಇಡೀ ಕಾರಿಗೆ ಸಾಲುವಷ್ಟು ಕುಂಕುಮ ಹಚ್ಚಿದರು. ಆಮೇಲೆ ಎಲ್ಲರೂ ಟ್ರ್ಯಾಕ್ಟರು ಹತ್ತಿ ಹೊರಟರು, ಓಣಿಯ ಧೂಳೆಲ್ಲ ಒಮ್ಮೆ ಎದ್ದು ಅವರ ಹಿಂದೆಯೇ ಹೋಯಿತು.

ಮತ್ತೊಮ್ಮೆ ಒದ್ದೆ ಬಟ್ಟೆ ಎಳೆದು ಬಾಗಿಲು ಹಾಕಿಕೊಂಡು ಕೂತೆ. ಅಂಥ ನಿಶ್ಶಬ್ದವನ್ನು ಆ ಶೆಡ್ಡಿನಲ್ಲಿ ನಾನು ಕೇಳಿರಲಿಲ್ಲ. ಜಿನ್ನಿನ ಗುಂಯ್ ಎಂಬ ಸದ್ದು ನಿಂತಾಗಲೇ ಅದು ವರ್ಷಾನುಗಟ್ಟಲೆ ನನ್ನ ಕಿವಿಯಲ್ಲಿತ್ತೆಂದು ಗೊತ್ತಾದದ್ದು. ತಗಡಿನ ತುಂಡು ನೋಡಿದೆ. ಕಪ್ಪು ಕಪ್ಪಾಗಿಯೇ ಇತ್ತು. ಶೀಸೆ ಬಿಚ್ಚಿದೆ.

ಬಾನೆಟ್ಟಿನಿಂದ ಶುರು ಮಾಡಿ, ಅಂಗೈಯಗಲ ಅಂಗೈಯಗಲ ಹಚ್ಚುತ್ತ, ಮಿಂಚಿದ್ದನ್ನು ಒರೆಸುತ್ತ, ಬ್ಯಾಟರಿ ಹಿಡಿದು ಬಗ್ಗಿ ನೋಡುತ್ತ ಹೋದೆ. ಸೆರಗಿನ ಗಾಳಿಯೂ ತಾಗಬಾರದೆಂದು ಮೆಲ್ಲಗೆ ಹೆಜ್ಜೆ. ಹಸಿವಾದದ್ದು ಗೊತ್ತಾಯಿತು, ಹೋಗಿ ಉಣ್ಣಲಿಲ್ಲ. ಹೊಲದಲ್ಲಿ ಈಗ ಎಲ್ಲರೂ ಕೂತಿರುತ್ತಾರೆ, ಕಡುಬಿನ ಗಂಟು ಬಿಚ್ಚಿರುತ್ತಾರೆ ಎನಿಸಿ ಒಂದು ಗಳಿಗೆ ಸಂಕಟವಾಯಿತು. ಆದರೆ ಕಾರಿನ ಬಾಗಿಲು ನೋಡಿದರೆ ಅದರೊಳಗೆ ನನ್ನ ಮುಖ, ಹಣೆಯ ಮೇಲಿನ ಬೆವರಿನ ಸಮೇತ, ಕನ್ನಡಿಯಲ್ಲಿ ಕಂಡ ಹಾಗೆ ಕಂಡಿತು. ಭೇಷ್ ಎಂದುಕೊಂಡೆ. ಯಾರೂ ಇಲ್ಲದಾಗ ನನಗೆ ನಾನೇ ಭೇಷ್ ಹೇಳಿಕೊಳ್ಳಬೇಕಲ್ಲ, ಜೋರಾಗಿಯೇ ಹೇಳಿಕೊಂಡೆ.

ಡಿಕ್ಕಿಯ ಮುಚ್ಚಳ ಒಂದು ಉಳಿದಿತ್ತು. ಅದಕ್ಕೆ ಲೇಪ ಹಚ್ಚಿ, ಬಟ್ಟೆ ಬದಲಿಸಲು ತಿರುಗಿದ್ದೇನೆ, ಮನೆಯ ಕಡೆಯ ಸಣ್ಣ ಬಾಗಿಲು ತೆರೆಯಿತು. ಮಾವನವರು. ಕೈಯಲ್ಲಿ ಊಟದ ಡಬ್ಬಿ. ಹೊಲದಲ್ಲಿ ಎಲ್ಲರಿಗೂ ಬಡಿಸಿದ ಮೇಲೆ, ಮನೆಯ ಸೊಸೆ ಉಪವಾಸವಿದ್ದರೆ ಚರಗ ಹೊಲಕ್ಕೆ ಮುಟ್ಟುವುದಿಲ್ಲ ಎಂದು ತಾವೇ ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದರು. ಅದು ನನಗೆ ಆಮೇಲೆ ತಿಳಿದದ್ದು. ಆಗ ನಾನು ಕಂಡದ್ದಿಷ್ಟೇ: ಮಾವನವರ ಕಣ್ಣು ಡಿಕ್ಕಿಯ ಮೇಲೆ ಬಿತ್ತು, ಹಸಿ ಲೇಪ ಅಲ್ಲಿ ಎಣ್ಣೆ ಚೆಲ್ಲಿದಂತೆ ಮಿಂಚುತ್ತಿತ್ತು, "ಅಯ್ಯ, ಇಲ್ಲಿ ಹೊಲಸಾಗ್ಯದಲ್ಲ" ಎನ್ನುತ್ತ ಅವರ ಕೈ ಹೆಗಲ ಮೇಲಿನ ಟವಲ್ಲಿಗೆ ಹೋಯಿತು.

"ಮುಟ್ಟಬ್ಯಾಡ್ರಿ!"

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಮಾವನವರ ಮುಂದೆ ನಾನು ದನಿ ಎತ್ತಿದ್ದಿಲ್ಲ. ವಾದ ಮಾಡಿದ್ದೆ, ಮೆಲುದನಿಯಲ್ಲಿ. ಇದು ಹೊಲದಲ್ಲಿ ಹಕ್ಕಿ ಓಡಿಸುವ ಕೂಗು. ಮಾವನವರು ಟವಲ್ಲು ಗಾಳಿಯಲ್ಲಿ ಹಿಡಿದ ಹಾಗೇ ನಿಂತರು. ಅವರಿಗೆ ಏನು ಹೇಳುವುದಕ್ಕೂ ನನಗೆ ಪುರುಸೊತ್ತಿರಲಿಲ್ಲ, ಲೇಪ ಕಾಯುವುದಿಲ್ಲ. ಬಟ್ಟೆ ತೆಗೆದುಕೊಂಡು ಒರೆಸಿದೆ. ಎಣ್ಣೆ ಬಣ್ಣ ಹೋಗಿ ಅಡಿಯ ಕಪ್ಪು ಬಾವಿಯ ನೀರಿನಂತೆ ತಿಳಿಯಾಗಿ ಎದ್ದು ಬಂತು. ಅದರಲ್ಲಿ ಮಾವನವರು ತಲೆಗೆ ಸುತ್ತಿದ ಪಟಗಾ, ಮೀಸೆ, ಎತ್ತಿದ ಟವಲ್ಲು ಎಲ್ಲ ಕಂಡವು. ಅವರು ತಮ್ಮ ಮುಖ ನೋಡುತ್ತ ಮೆಲ್ಲಗೆ ಕೈ ಇಳಿಸಿದರು.

"ಬ್ಯಾಟರಿ ಕೊಡು" ಎಂದರು.

ಕೊಟ್ಟೆ. ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅವರು ಕಾರಿನ ಸುತ್ತ ಬಂದರು, ಬಗ್ಗಿದರು, ಕುಕ್ಕರಗಾಲಲ್ಲಿ ಕೂತು ಗಾಲಿಯ ಮೇಲಿನ ಬಾಗಿನಲ್ಲಿ ಬೆಳಕು ಬಿಟ್ಟು ನೋಡಿದರು. ಬಾನೆಟ್ಟಿನ ಹತ್ತಿರ ಬೆಳಕು ನಿಂತಿತು.

"ಇಲ್ಲೊಂದು ಅದ ನೋಡು."

ಹೋಗಿ ನೋಡಿದೆ. ಅದ! ಬಿಳಿ ಎಳೆ, ಉಗುರಿನಷ್ಟು. ಇಡೀ ಸುಗ್ಗಿ, ಇಡೀ ಅಂಗಡಿ ಆ ಒಂದು ಎಳೆಯ ಮೇಲೆ ನಿಂತಂತಾಯಿತು. ಆಮೇಲೆ ನನ್ನ ಬುದ್ಧಿ ಮರಳಿತು. ಮೊದಲು ಲೇಪ ಹಚ್ಚಿದ್ದೇ ಬಾನೆಟ್ಟಿಗೆ, ಅದು ಒಣಗಿ ಎಷ್ಟೋ ಹೊತ್ತಾಗಿತ್ತು. ಬಗ್ಗಿ ಉಫ್ ಎಂದೆ. ಎಳೆ ಹಾರಿ ಹೋಯಿತು.

"ಒಳಗಿಂದಲ್ರಿ ಮಾವಾರ, ಮ್ಯಾಲಿಂದು. ನಿಮ್ಮ ಪಟಗಾದ್ದು. ನೀವು ಬರೂತನಕ ಇರಲಿಲ್ಲ."

ಮಾವನವರು ಪಟಗಾ ಮುಟ್ಟಿಕೊಂಡರು. ಬ್ಯಾಟರಿ ಆರಿಸಿ ನನ್ನ ಕೈಗೆ ಕೊಟ್ಟು, "ಉಣ್ಣು, ಹೊತ್ತಾಗ್ಯದ" ಎಂದಷ್ಟೇ ಹೇಳಿ ಹೊರಗೆ ಹೋದರು. ಹಿತ್ತಲ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದೆ. ಕಡುಬು, ಭಜ್ಜಿ, ಪುಂಡಿಪಲ್ಯ, ರೊಟ್ಟಿ, ಎಲ್ಲ ಒಂದಕ್ಕೊಂದು ಮೆತ್ತಿಕೊಂಡಿದ್ದವು. ಅಷ್ಟು ರುಚಿಯಾಗಿ ನಾನು ಎಂದೂ ಉಂಡಿಲ್ಲ, ಅಷ್ಟು ಹೆದರಿಕೊಂಡೂ ಉಂಡಿಲ್ಲ. ಗೆದ್ದೆನೋ ಸೋತೆನೋ ಅವರು ಹೇಳಿರಲಿಲ್ಲ. ಸಂಜೆ ಎಲ್ಲರೂ ಬಂದರು, ಆಗಲೂ ಹೇಳಲಿಲ್ಲ. ಕೂಗಿದ ಸೊಸೆಗೆ ಶೆಡ್ಡು ಬಿಟ್ಟುಕೊಡುವ ಮಾವ ಎಲ್ಲಿದ್ದಾನೆ ಎಂದು ನಾನೇ ಆಸೆ ಬಿಟ್ಟೆ.

ಮರುದಿನ ಹತ್ತಿಯ ಟ್ರ್ಯಾಕ್ಟರಿನ ಸದ್ದು ಕೇಳಿ ಎದ್ದು ಹೊರಗೆ ಓಡಿದೆ. ಮಾವನವರು ಆಗಲೇ ಓಣಿಯ ತಿರುವಿನಲ್ಲಿ ಕೋಲು ಅಡ್ಡ ಹಿಡಿದು ನಿಂತಿದ್ದರು. "ಗಾಡಿ ಅಲ್ಲೇ ನಿಂದರಸ್ರಿ. ಈ ಕಡಿ ತರಬ್ಯಾಡ್ರಿ. ಗಂಟು ಹೊತ್ಕೊಂಡು ಬರ್ರಿ, ಪಡಸಾಲ್ಯಾಗ ಹಾಕ್ರಿ." ಆಳುಗಳು ಮುಖ ಮುಖ ನೋಡಿಕೊಂಡರು. ಪಡಸಾಲೆಯೆಂದರೆ ಮಾವನವರ ದರ್ಬಾರು. ಮಲಗುವುದು ಅಲ್ಲಿ, ಬಂದವರನ್ನು ಕೂರಿಸುವುದು ಅಲ್ಲಿ, ಊರ ಪಂಚಾಯಿತಿಯೆಲ್ಲ ಅಲ್ಲಿ. ಒಳಗೆ ಹೋಗಿ ನೋಡಿದರೆ ಅದು ಖಾಲಿ. ಹೊರಸನ್ನು ತಾವೇ ಎತ್ತಿ ಹೊರಗಿನ ಕಟ್ಟೆಯ ಮೇಲೆ ಹಾಕಿಕೊಂಡಿದ್ದರು.

ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು, "ಈ ಥಂಡ್ಯಾಗ ಹೊರಗ ಮಲಗತೀರೇನ್ರಿ?" ಎಂದರೆ, "ಹೊಲದಾಗ ಮಲಗಿಲ್ಲೇನ?" ಎಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆ ಚಳಿಗಾಲ ಪೂರ್ತಿ ಹತ್ತಿ ಪಡಸಾಲೆಯಲ್ಲಿತ್ತು, ಮಾವನವರು ಕಂಬಳಿ ಹೊದ್ದು ಕಟ್ಟೆಯ ಮೇಲಿದ್ದರು. ನಾನು ಶೆಡ್ಡಿನೊಳಗೆ ಒಂದಾದ ಮೇಲೊಂದು ಕಾರಿಗೆ ಲೇಪ ಹಚ್ಚುತ್ತಿದ್ದೆ. ಭೀಮರಾಯನಗುಡಿಯಿಂದ, ಯಾದಗಿರಿಯಿಂದ ಕಾರುಗಳು ಬಂದವು. ಮಾವನವರನ್ನು ನೋಡಲು ಬಂದವರು ಪಡಸಾಲೆಗೆ ಹೊರಟು, ಹತ್ತಿ ಕಂಡು, "ಯಾಕ ಕಾಕಾ, ಹೊರಗ ಕುಂತೀರಿ? ಶೆಡ್ ಏನಾತು?" ಎಂದು ಕೇಳುತ್ತಿದ್ದರು. ಕೇಳಲಿ ಎಂದೇ ಕಾದಿದ್ದವರ ಹಾಗೆ ಮಾವನವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ತಗಡಿನ ಈಚೆ ಉಸಿರು ಬಿಗಿಹಿಡಿದು ನಿಂತ ನನಗೆ ಒಂದೊಂದು ಅಕ್ಷರವೂ ಕೇಳುತ್ತಿತ್ತು.

"ಒಳಗ ನಮ್ಮ ಸೊಸಿ ಕೆಲಸ ಮಾಡಾಕತ್ತಾಳ. ಕಾಲ್ ಝಾಡಸಬ್ಯಾಡ್ರಿ, ಹಂಗೇ ಕುಂದರ್ರಿ. ಧೂಳ್ ಎದ್ದರ ಆಕಿ ನನಗೂ ಬಿಡಂಗಿಲ್ಲ."